ತಾಯಿ ಕಾರ್ಡಿಗೂ ಮುಂಚಿನ ಮಾತ್ರೆ
ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳ ಕೈಗೆ ಬಸುರಿಯರ ನೋಂದಣಿಯ ತಾಯಿ ಕಾರ್ಡ್ ಸೇರುವಷ್ಟರಲ್ಲಿ ಎಷ್ಟೋ ಸಲ ಬಸಿರಾಗಿ ಎರಡು ತಿಂಗಳು ಕಳೆದಿರುತ್ತದೆ. ಮಗುವಿನ ಮಿದುಳು, ಬೆನ್ನುಹುರಿ ರೂಪುಗೊಳ್ಳುವ ನರಕೊಳವೆಯೋ ಗರ್ಭ ಕಟ್ಟಿದ 28 ದಿನದೊಳಗೇ ಮುಚ್ಚಿಕೊಳ್ಳಬೇಕು; ಅದಕ್ಕೆ ಫೋಲೇಟ್ ಎಂಬ ಜೀವಸತ್ವ (ಮಾತ್ರೆಯಲ್ಲಿ ಫೋಲಿಕ್ ಆಮ್ಲ) ಬೇಕು. ಆಮೇಲೆ ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ರಕ್ತಹೀನತೆಗೆ ಅದು ಬೇಕೇ ಬೇಕು, ನರಕೊಳವೆಯ ಪಾಲಿಗೆ ಮಾತ್ರ ತಡವಾಯಿತು. ವಿಚಿತ್ರವೆಂದರೆ ಬಸುರಿಗೆ ಫೋಲೇಟ್ ಬೇಕೆಂಬ ಅರಿವು ಮೊಳೆತದ್ದೇ ಬಟ್ಟೆ ಕಾರ್ಮಿಕರ ನಡುವೆ. 1928ರಲ್ಲಿ ಮುಂಬೈಗೆ ಬಂದ ವೈದ್ಯೆ ಲೂಸಿ ವಿಲ್ಸ್, ಗಿರಣಿಯ ಬಡ ಬಸುರಿಯರ ರಕ್ತಹೀನತೆ ಅಗ್ಗದ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು, ಅದರೊಳಗಿದ್ದದ್ದು ಫೋಲೇಟ್. ಸೊಪ್ಪು ತಿಂದರೆ ಸಾಲದೇ ಎನ್ನುತ್ತೀರಾ? ಸೊಪ್ಪು ಬೆಂದಾಗ ಫೋಲೇಟ್ ಒಂದಷ್ಟು ನಾಶವಾಗುತ್ತದೆ, ಒಂದಷ್ಟು ನೀರಿಗಿಳಿಯುತ್ತದೆ. (ಬಸಿದ ನೀರನ್ನೂ ಬಿಡದ ನಮ್ಮ ಬಸ್ಸಾರು ಆ ಮಟ್ಟಿಗೆ ಜಾಣ ಅಡುಗೆ.) ಹಾಗಾಗಿ ಸೊಪ್ಪೊಂದನ್ನೇ ನೆಚ್ಚುವಂತಿಲ್ಲ. ಮಗು ಬೇಕೆಂದುಕೊಂಡಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಶುರುವಾಗಬೇಕು. ವೈಟ್‌ಫೀಲ್ಡ್‌ನ ಟೆಕ್ಕಿಗೆ ಅದು ಔಷಧಿ ಅಂಗಡಿಯ ದೂರದಲ್ಲಿದೆ. ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ಯಾರಾದರೂ ಹೇಳಬೇಕು. ಕಾರ್ಖಾನೆಗಳ ದವಾಖಾನೆಯವರೇ, ತಲೆನೋವಿನ ಮಾತ್ರೆಯ ಪಕ್ಕದಲ್ಲಿ ಇದನ್ನೂ ಇಡಿ.