ಲೈಬ್ರರಿ ಸ್ಮಾರ್ಟ್ ಆಯ್ತು, ಕೌಂಟರ್‌ನವರ ಕಥೆ?

ಈ ಸೆಮಿಸ್ಟರ್‌ನಿಂದ ನಮ್ಮ ಲೈಬ್ರರಿಯಲ್ಲಿ ಪುಸ್ತಕ ತಗೊಳ್ಳೋಕೆ ಯಾರನ್ನೂ ಕೇಳಬೇಕಿಲ್ಲ. ಐಡಿ ಕಾರ್ಡ್ ತೋರಿಸಿ ಪುಸ್ತಕವನ್ನು ಮೆಷಿನ್ ಮೇಲಿಟ್ಟರೆ ಮುಗೀತು. ಇಂಟರ್ನಲ್ಸ್ ಹಿಂದಿನ ದಿನದ ಕ್ಯೂ ತಪ್ಪಿತು ಅಂತ ನಮಗೆಲ್ಲ ಖುಷಿ. ಕೌಂಟರ್ ಹಿಂದೆ ಕೂತವರ ಕೆಲಸ ಏನಾಯ್ತು ಅಂತ ಮಾತ್ರ ಯಾರೂ ಕೇಳಲಿಲ್ಲ.

ಅವರ ಕೆಲಸ ಕಡಿಮೆಯೇನೂ ಆಗಿಲ್ಲ. ಆರ್‌ಎಫ್‌ಐಡಿ ಅಂದ್ರೆ ಒಂದೊಂದು ಪುಸ್ತಕಕ್ಕೂ ಟ್ಯಾಗ್ ಅಂಟಿಸಬೇಕು, ಅದನ್ನು ಸಾಫ್ಟ್‌ವೇರ್‌ನಲ್ಲಿರೋ ದಾಖಲೆಗೆ ಜೋಡಿಸಬೇಕು, ದಾಖಲೆ ತಪ್ಪಿದ್ದರೆ ಮೊದಲು ಅದನ್ನು ಸರಿಮಾಡಬೇಕು. ನಾವು ರಜೆಗೆ ಊರಿಗೆ ಹೋಗಿದ್ದಾಗ ಇದನ್ನೆಲ್ಲ ಮಾಡಿದ್ದು ಅವರೇ. ಈಗ ಅವರ ಪಾಲಿಗೆ ಉಳಿದಿರೋದು ನಾವು ಮರೆತ ಪಾಸ್‌ವರ್ಡ್‌ಗಳು, ಗೇಟ್ ಸುಮ್‌ಸುಮ್ನೆ ಕೂಗಿದಾಗ ನಮ್ಮ ಬ್ಯಾಗ್ ನೋಡೋದು. ಮೊದಲಾದರೆ "ಸರ್, ಸಿಗ್ನಲ್ಸ್‌ಗೆ ಯಾವ ಬುಕ್ ಓದ್ಲಿ?" ಅಂದ್ರೆ ಎದ್ದು ಬಂದು 621.3ರ ಸಾಲಿಗೆ ಕರ್ಕೊಂಡು ಹೋಗೋರು. ಸೀನಿಯರ್ಸ್ ಯಾವುದನ್ನ ಹೆಚ್ಚು ಒಯ್ತಾರೆ ಅಂತಾನೂ ಹೇಳೋರು. ಯಾರಿಗಾದ್ರೂ ತೃಪ್ತಿ ಕೊಡೋದು ಇಂಥ ಕೆಲಸವೇ ಅಲ್ವಾ?

ಗ್ರಂಥಾಲಯ ವಿಜ್ಞಾನದ ದೊಡ್ಡ ಹೆಸರು ಎಸ್.ಆರ್. ರಂಗನಾಥನ್ ಅವರಿಗೂ ಮೊದಮೊದಲು ಈ ಕೆಲಸ ಹಿಡಿಸಿರಲಿಲ್ಲ. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ಸ್ವಲ್ಪ ದಿನಕ್ಕೇ ಬೇಜಾರಾಗಿ ವಾಪಸ್ ಪಾಠಕ್ಕೆ ಕಳಿಸಿ ಅಂದರು. ವಿಶ್ವವಿದ್ಯಾಲಯ ಅವರನ್ನು ಲಂಡನ್‌ಗೆ ಕಲಿಯೋಕೆ ಕಳಿಸಿತು. ಬಂದ ಮೇಲೆ ಪುಸ್ತಕ ವಿಂಗಡಿಸೋ ಹೊಸ ಪದ್ಧತಿಯನ್ನೇ ಕಟ್ಟಿದರು. 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ಡಿಆರ್‌ಟಿಸಿ ಶುರುಮಾಡಿದರು. ಅವರಿಗೆ ಕಲಿಯೋಕೆ ಸಮಯ ಸಿಕ್ಕಿತ್ತು, ಬದಲಾವಣೆಯನ್ನು ತಾವೇ ಮಾಡೋ ಅವಕಾಶವೂ ಸಿಕ್ಕಿತ್ತು. ನಮ್ಮವರಿಗೆ ಸಿಕ್ಕಿದ್ದು ಮೆಷಿನ್ ಮಾರಿದವರ ಒಂದು ಮಧ್ಯಾಹ್ನದ ಡೆಮೊ.

ಮೆಷಿನ್ ಬೇಡ ಅಂತ ನಾವು ಹೇಳ್ತಿಲ್ಲ (ಇಂಜಿನಿಯರಿಂಗ್ ಓದೋರು ಹಾಗಂದ್ರೆ ಜನ ನಗ್ತಾರೆ). ಆದರೆ ಲೈಬ್ರರಿ ಕಮಿಟಿಯಲ್ಲಿ ವಿದ್ಯಾರ್ಥಿಗಳ ಪ್ರತಿನಿಧಿ ಇದ್ದಾರೆ, ಕೌಂಟರ್‌ನವರು ಒಬ್ಬರೂ ಇಲ್ಲ. ಇದು ಯಾವ ನ್ಯಾಯ? ಮೆಷಿನ್ ಉಳಿಸಿದ ಸಮಯವನ್ನು ಪಾಸ್‌ವರ್ಡ್‌ಗೆ ಸುರಿಯೋ ಬದಲು, ಪ್ರಾಜೆಕ್ಟ್ ಮಾಡೋರಿಗೆ ಪೇಪರ್ ಹುಡುಕೋದನ್ನ ಕಲಿಸೋಕೆ ಅವರಿಗೆ ಒಂದು ಡೆಸ್ಕ್ ಕೊಡಬಹುದು. ಗೂಗಲ್‌ನ ಮೊದಲ ಪುಟದಾಚೆ ನಮಗೆ ಹುಡುಕೋಕೆ ಬರಲ್ಲ, ಅವರಿಗೆ ಬರುತ್ತೆ.

ಆಗಸ್ಟ್ 12 ರಂಗನಾಥನ್ ನೆನಪಿನ ಗ್ರಂಥಪಾಲಕರ ದಿನ. ಹೂಗುಚ್ಛ ಕೊಟ್ಟು ಫೋಟೋ ತೆಗೆಸೋದು ಇದ್ದೇ ಇರುತ್ತೆ. ಈ ಸಲ ಅದಕ್ಕೂ ಮೊದಲು ಕಮಿಟಿಯಲ್ಲಿ ಅವರಿಗೊಂದು ಕುರ್ಚಿ ಕೊಡಿ ಅಂತ ಪ್ರಿನ್ಸಿಪಾಲರಿಗೆ ನಾವು ಪತ್ರ ಬರೀತಿದ್ದೀವಿ. ಸಹಿ ಹಾಕೋರು ಕನ್ನಡ ಸಂಘದ ರೂಮಿಗೆ ಬನ್ನಿ.