ನಾಲ್ಕನೇ ಸಂಪುಟ ಅಂದರೆ ಯಾವುದು?

ಒಂದು ರವಿವಾರ ಬೆಳಿಗ್ಗೆ ಅಕ್ಕಲಕೋಟೆ ಕಡೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನಿಗೆ ಬರೆದಿದ್ದಳು: ‘ಸರ, ವಚನ ಸಂಪುಟ 4 ಹೊಸಾದು ಐತೇನ್ರಿ?’

ನಾನು ಸೊಲ್ಲಾಪುರದವನು, ಕನ್ನಡ ಕಲಿಸಿ ನಿವೃತ್ತನಾದವನು. ಆ ಸಾಲನ್ನು ಎರಡನೇ ಸಲ ಓದಲೇ ಇಲ್ಲ. ಸಮಗ್ರ ವಚನ ಸಂಪುಟಗಳಲ್ಲಿ ನಾಲ್ಕನೆಯದೆಂದರೆ ಸಿದ್ಧರಾಮನದು. ನಮ್ಮೂರಿನಲ್ಲಿ ಸಂಕ್ರಾಂತಿಗೆ ನಡೆಯುವ ಅವನ ಜಾತ್ರೆಯಲ್ಲಿ ನಂದಿಧ್ವಜಗಳ ಹಿಂದೆ ಓಡುತ್ತ ಬೆಳೆದವನಿಗೆ ಬೇರೆ ಯಾವ ನಾಲ್ಕು ನೆನಪಾದೀತು? 2001ರ ಮುದ್ರಣದ ಪ್ರತಿಯನ್ನು ಕಪಾಟಿನಿಂದ ತೆಗೆದು, ಧೂಳು ಒರೆಸಿ, ಎಸ್.ಟಿ. ಬಸ್ಸು ಹತ್ತಿದೆ. ನಲವತ್ತು ಕಿಲೋಮೀಟರ್ ಪುಸ್ತಕ ತೊಡೆಯ ಮೇಲೇ ಇತ್ತು. ಆಕೆ ಹೊದಿಕೆ ನೋಡಿದಳು. ‘ಇದಲ್ರಿ ಸರ.’

ಆಕೆಗೆ ಬೇಕಾಗಿದ್ದುದು ಸಂಕೀರ್ಣ ವಚನ ಸಂಪುಟದ ನಾಲ್ಕನೆಯದು. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಹೊರಬಂದ ಹದಿನೈದು ಸಂಪುಟಗಳ ಮಾಲಿಕೆ ಈ ಸಮಗ್ರ ವಚನ ಸಂಪುಟ. ಮೊದಲ ನಾಲ್ಕು ಬಸವಣ್ಣ, ಅಲ್ಲಮ, ಚೆನ್ನಬಸವಣ್ಣ, ಸಿದ್ಧರಾಮರವು. ಐದನೆಯದು ಶಿವಶರಣೆಯರದು. ಆರರಿಂದ ಹದಿನಾಲ್ಕರವರೆಗೆ ಒಂಬತ್ತು ಸಂಕೀರ್ಣ ಸಂಪುಟಗಳು, ಅವಕ್ಕೆ ತಮ್ಮದೇ ಒಂದು, ಎರಡು, ಮೂರು. ಕೊನೆಯದು ಪರಿಭಾಷಾ ಕೋಶ. ಹೀಗಾಗಿ ಸಂಕೀರ್ಣದ ನಾಲ್ಕು ಇಡೀ ಮಾಲಿಕೆಯಲ್ಲಿ ಒಂಬತ್ತು. ಮಾತಿನಲ್ಲಿ ‘ಸಂಕೀರ್ಣ’ ಎಂಬ ಪದ ಉದುರಿಹೋದರೆ ನನ್ನಂಥವನು ಎಸ್.ಟಿ. ಹತ್ತುತ್ತಾನೆ.

‘ಹೊಸಾದು’ ಎಂಬುದರ ಕಥೆ ಇನ್ನೂ ಚೆಂದ. 2001ರ ಎರಡನೇ ಮುದ್ರಣ ಇರಬೇಕೆಂದು ನಾನು ತಿಳಿದಿದ್ದೆ. ಆಕೆಯ ಟಿಪ್ಪಣಿಯ ಪುಟಸಂಖ್ಯೆಗಳೆಲ್ಲ 1993ರವು. ಬೇಕಿದ್ದುದು ಹಳೆಯ ಮುದ್ರಣವೇ. ‘ಮತ್ತ ಹೊಸಾದು ಅಂತ ಯಾಕ ಬರದಿ ಯವ್ವಾ?’ ಅಂದೆ. ‘ಹರಿದಿರಬಾರದು ಅಂತ್ರಿ. ನಮ್ಮ ವಾಚನಾಲಯದ್ದು ಅರ್ಧಕ್ಕರ್ಧ ಹಾಳಿ ಇಲ್ರಿ.’

ತಪ್ಪು ಆಕೆಯದಲ್ಲ. ಕೇಳುವವರ ತಲೆಯಲ್ಲಿ ಪುಸ್ತಕ ಒಂದೇ ಇರುತ್ತದೆ, ಅದಕ್ಕೇ ಅವರು ಅರ್ಧ ಮಾತಿನಲ್ಲಿ ಕೇಳುತ್ತಾರೆ. ಹತ್ತು ಪುಸ್ತಕ ಕಂಡವನು ತಿರುಗಿ ಒಂದು ಪ್ರಶ್ನೆ ಹಾಕಬೇಕಿತ್ತು. ನಾನು ನನ್ನ ಊರಿನ ಅಭಿಮಾನವನ್ನೇ ಉತ್ತರ ಮಾಡಿಕೊಂಡೆ.

ಬಸ್ಸಿನಲ್ಲಿ ಮರಳುವಾಗ ರಾಘವಾಂಕ ಹೇಳಿದ ಹುಡುಗ ಸಿದ್ಧರಾಮ ನೆನಪಾದ. ಹೊಲದಲ್ಲಿ ಕಂಡ ಜಂಗಮ ತನ್ನ ಹೆಸರು ಮಲ್ಲಯ್ಯ ಅಂದಿದ್ದ. ಹುಡುಗ ಉಣ್ಣಲು ತರುವಷ್ಟರಲ್ಲಿ ಮಾಯವಾಗಿದ್ದ. ಅಳುತ್ತ ಶ್ರೀಶೈಲಕ್ಕೆ ಹೋದವನಿಗೆ ಜನ ಗುಡಿಯ ಲಿಂಗ ತೋರಿಸಿ ಇವನೇ ಮಲ್ಲಯ್ಯ ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಹುಡುಗ ಒಪ್ಪಲಿಲ್ಲ, ಅವನು ಹುಡುಕುತ್ತಿದ್ದುದು ತನ್ನ ಹೊಲಕ್ಕೆ ಬಂದವನನ್ನು. ಹೆಸರು ಸರಿ, ಉತ್ತರ ತಪ್ಪು.

ಶಾಲೆ ಶುರುವಾಗುವ ಜೂನ್‌ನಲ್ಲಿ ಇಂಥ ಅರ್ಧ ಮಾತಿನ ಗೊಂದಲ ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಹಳ್ಳಿಯಲ್ಲಿರುತ್ತದೆ. ‘ಐದನೇ ಇಯತ್ತೆ ಭಾಗ ಎರಡು ಹೊಸಾದು’ ಎಂದು ಒಬ್ಬ ತಂದೆ ಕೇಳುತ್ತಾನೆ ಅನ್ನಿ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ನಮ್ಮ ಕನ್ನಡ ಶಾಲೆಗಳಿಗೂ ಪುಸ್ತಕ ಅಚ್ಚು ಹಾಕುತ್ತದೆ. ‘ಪರಿಸರ ಅಭ್ಯಾಸ’ಕ್ಕೆ ಭಾಗ ಎರಡು ಎಂಬುದೊಂದಿದೆ. 2023-24ರಿಂದ ಎರಡರಿಂದ ಎಂಟನೇ ಇಯತ್ತೆಯವರೆಗೆ ಪುಸ್ತಕಗಳನ್ನು ನಾಲ್ಕು ಭಾಗ ಮಾಡಿ, ನಡುವೆ ಬರೆಯಲು ಖಾಲಿ ಹಾಳೆ ಸೇರಿಸಿದ್ದರು. ಅಲ್ಲೂ ಒಂದು ಭಾಗ ಎರಡು. ಆ ಪದ್ಧತಿಯನ್ನು 2025-26ಕ್ಕೆ ಕೈಬಿಟ್ಟರು. ಆ ವರ್ಷ ಹೊಸದೆಂದರೆ ಹೆಚ್ಚುಕಡಿಮೆ ಹಳೆಯ ರೂಪದ್ದೇ! ಆ ತಂದೆಯ ಪ್ರಶ್ನೆಯನ್ನೇ ಕನ್ನಡದಲ್ಲಿ ಫೋನಿಗೆ ಕೇಳಿ ನೋಡಿದೆ. ಬೆಂಗಳೂರಿನ ಪಠ್ಯಪುಸ್ತಕ ಮುಂದೆ ಬಂತು. ಕನ್ನಡ ಓದುವವರೆಲ್ಲ ಕರ್ನಾಟಕದಲ್ಲೇ ಇರುತ್ತಾರೆಂಬ ಎಣಿಕೆ ಯಂತ್ರಕ್ಕೂ ಇದ್ದಂತಿದೆ. ತರಗತಿಗೆ ಮಹಾರಾಷ್ಟ್ರದಲ್ಲಿ ಹೇಳುವ ‘ಇಯತ್ತೆ’ ಎಂಬ ಒಂದು ಪದದಲ್ಲೇ ಆ ತಂದೆಯ ಸೀಮೆ ಇತ್ತು, ಗಮನಿಸುವವರು ಬೇಕಷ್ಟೆ.

ಹೊಸದನ್ನು ಕೊಟ್ಟರೆ ಕೆಲಸ ಮುಗಿಯಿತೆಂದು ಎಣಿಸುವವರಿಗೆ ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೇ ಸಂಪುಟ ತೋರಿಸಬೇಕು. ಶ್ರವಣಬೆಳಗೊಳದ ಶಾಸನಗಳು ರೈಸ್ ಅವರ 1889ರ ಸಂಪುಟದಲ್ಲಿ 144, ನರಸಿಂಹಾಚಾರ್ಯರ 1923ರದರಲ್ಲಿ 500, ಮೈಸೂರು ವಿಶ್ವವಿದ್ಯಾನಿಲಯದ 1973ರದರಲ್ಲಿ 573. ಮೂರಕ್ಕೂ ಸಂಪುಟ ಎರಡು ಎಂದೇ ಹೆಸರು. ಹಳೆಯ ಲೇಖನದ ಅಡಿಟಿಪ್ಪಣಿಯ ಶಾಸನಸಂಖ್ಯೆ ಹಿಡಿದು ಬಂದವನಿಗೆ 1973ರದನ್ನು ಕೊಟ್ಟು ಕಳಿಸಿದರೆ ಆತ ಸಂಜೆಯವರೆಗೆ ಹುಡುಕುತ್ತ ಕೂರುತ್ತಾನೆ.

ಗಡಿಭಾಗದ ವಾಚನಾಲಯಗಳ ರಜಿಸ್ಟರುಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ‘ವಚನ ಸಂಪುಟ 4’ ಎಂಬಷ್ಟು ಬರಹ. ಮಾಲಿಕೆಯ ಸಂಖ್ಯೆ, ಒಳಸಂಖ್ಯೆ, ಮುದ್ರಣದ ವರ್ಷ ಮೂರನ್ನೂ ಬರೆಯಲು ಪೆನ್ನಿನ ಶಾಯಿ ಎಷ್ಟು ಖರ್ಚಾದೀತು? ಕೌಂಟರಿನಲ್ಲಿ ಕೂತವರು ‘ಇಲ್ಲ’ ಅನ್ನುವ ಮೊದಲು, ‘ಇದೇ’ ಅನ್ನುವ ಮೊದಲಂತೂ ಖಂಡಿತ, ‘ಯಾವುದಕ್ಕ ಬೇಕಾಗಿತ್ರಿ?’ ಅನ್ನಲಿ. ನಾನು ಹಾಗೆ ಕೇಳಿದ್ದರೆ ಬಸ್ಸಿನ ತಿಕೀಟು ಉಳಿಯುತ್ತಿತ್ತು.

ಸಂಕೀರ್ಣದ ನಾಲ್ಕನ್ನು ಮುಂದಿನ ವಾರ ಸೊಲ್ಲಾಪುರದ ಗೆಳೆಯರೊಬ್ಬರ ಮನೆಯಿಂದ ತಂದುಕೊಟ್ಟೆ. 1993ರದು, ಹರಿದಿರಲಿಲ್ಲ. ಓದಿ ಮರಳಿಸಿದಳು. ಸಿದ್ಧರಾಮನ ಸಂಪುಟ ಮಾತ್ರ ಇನ್ನೂ ಆಕೆಯ ಹತ್ತಿರವೇ ಇದೆ. ಮೊನ್ನೆ ಕೇಳಿದ್ದಕ್ಕೆ, ‘ಇನ್ನೊಂದಿಷ್ಟು ದಿನ ಇರ್ಲಿ ಬಿಡ್ರಿ ಸರ’ ಅಂದಳು.