ದೊಡ್ಡ ಮಕ್ಕಳ ಶಾಲಾ ರಜೆ ಮತ್ತು ದೂರದ ಯಾತ್ರೆ

ರೋಮಿನ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವು 2026ರ ಜನವರಿ 6ರಂದು ಮುಚ್ಚಲ್ಪಟ್ಟು, 2025ರ ಜ್ಯೂಬಿಲಿ ವರ್ಷ ಮುಕ್ತಾಯಗೊಂಡಿತು. ಆ ವರ್ಷದಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಅನುಕೂಲವಂತ ಮನೆಗಳಲ್ಲಿ ಮಕ್ಕಳನ್ನು ಕರೆದುಕೊಂಡು ಒಮ್ಮೆ ರೋಮಿಗೆ ಹೋಗಿಬರಬೇಕೆಂಬ ಮಾತು ಎದ್ದುದುಂಟು. ಬಹುಪಾಲು ಅದು ಮಾತಿನಲ್ಲಿಯೇ ಉಳಿಯಿತು. ಹಣದ ಕೊರತೆಯೊಂದೇ ಕಾರಣವಾಗಿದ್ದರೆ ಈ ವಿಷಯವನ್ನು ಇಲ್ಲಿ ಎತ್ತುವ ಅಗತ್ಯವಿರಲಿಲ್ಲ. ಹಣ ಹೊಂದಿಸಿಕೊಂಡವರನ್ನೂ ತಡೆದುದು ಮಕ್ಕಳ ಶಾಲೆಯ ಪಂಚಾಂಗ.

ಒಂದು ಉದಾಹರಣೆಯನ್ನು ನೋಡೋಣ. ಹದಿಹರೆಯದವರ ಜ್ಯೂಬಿಲಿ 2025ರ ಏಪ್ರಿಲ್ 25ರಿಂದ 27ರವರೆಗೆ ನಿಗದಿಯಾಗಿತ್ತು. ಕಾರ್ಲೋ ಅಕ್ಯುಟಿಸ್ ಎಂಬ ಬಾಲಕನಿಗೆ ಸಂತ ಪದವಿ ನೀಡುವ ದಿನವೂ ಆ 27ನೆಯ ತಾರೀಖೇ ಆಗಿತ್ತು. ಹದಿನೈದನೆಯ ವಯಸ್ಸಿನಲ್ಲಿ, 2006ರಲ್ಲಿ, ತೀರಿಕೊಂಡ ಆ ಬಾಲಕ ನಮ್ಮ ಎಸ್.ಎಸ್.ಎಲ್.ಸಿ. ಮಕ್ಕಳ ಓರಗೆಯವನು. ನಮ್ಮ ಶಾಲೆಗಳಿಗೂ ಅದು ಬೇಸಿಗೆ ರಜೆಯ ಕಾಲ. ಅಪರೂಪಕ್ಕೆ ರೋಮಿನ ಪಂಚಾಂಗವೂ ಕರ್ನಾಟಕದ ಪಂಚಾಂಗವೂ ಕೂಡಿಬಂದಿದ್ದವು. ಆದರೆ ಏಪ್ರಿಲ್ 21ರಂದು ಜಗದ್ಗುರು ಪೋಪ್ ಫ್ರಾನ್ಸಿಸರು ದೈವಾಧೀನರಾದರು. ಸಂತ ಪದವಿಯ ಸಮಾರಂಭ ಸೆಪ್ಟೆಂಬರ್ 7ಕ್ಕೆ ಮುಂದೆ ಹೋಯಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ನಮ್ಮ ಮಕ್ಕಳು ತರಗತಿಯಲ್ಲಿದ್ದರು. ಯುವಜನರ ಜ್ಯೂಬಿಲಿಯಂತೂ ಮೊದಲಿನಿಂದಲೂ ಜುಲೈ 28ರಿಂದ ಆಗಸ್ಟ್ 3ರವರೆಗೆಂದೇ ಗೊತ್ತಾಗಿತ್ತು.

ಇದು ಆಕಸ್ಮಿಕವಲ್ಲ. ಯುರೋಪಿನ ಶಾಲೆಗಳಿಗೆ ಬಿಡುವು ಜುಲೈ-ಆಗಸ್ಟಿನಲ್ಲಿ; ನಮಗೆ ಏಪ್ರಿಲ್-ಮೇಯಲ್ಲಿ. 2025-26ನೆಯ ಸಾಲಿನಲ್ಲಿ ರಾಜ್ಯದ ಶಾಲೆಗಳು ಮೇ 29ಕ್ಕೆ ತೆರೆದವು, ದಸರೆಗೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ ಬಿಟ್ಟವು, ಬೇಸಿಗೆ ರಜೆ ಏಪ್ರಿಲ್ 11ರಿಂದ ಎಂದಾಯಿತು. ಲಿಸ್ಬನ್ನಿನ ವಿಶ್ವ ಯುವಜನ ದಿನಾಚರಣೆ 2023ರ ಆಗಸ್ಟ್ 1ರಿಂದ 6ರವರೆಗೆ ನಡೆಯಿತು. ಮುಂದಿನದು ದಕ್ಷಿಣ ಕೊರಿಯಾದ ಸಿಯೋಲಿನಲ್ಲಿ, 2027ರ ಆಗಸ್ಟ್ 3ರಿಂದ 8ರವರೆಗೆ. ಏಷ್ಯಾ ಖಂಡಕ್ಕೆ ಇದು ಬರುತ್ತಿರುವುದು 1995ರ ಮನಿಲಾ ಸಮಾವೇಶದ ನಂತರ ಈಗಲೇ.

ಸಿಯೋಲಿನ ಲೆಕ್ಕವನ್ನು ನಮ್ಮ ಮನೆಯ ಲೆಕ್ಕಕ್ಕೆ ಇಳಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. 2026ರಲ್ಲಿ ಎಸ್.ಎಸ್.ಎಲ್.ಸಿ. ಬರೆದ ಹುಡುಗಿ 2027ರ ಆಗಸ್ಟಿಗೆ ದ್ವಿತೀಯ ಪಿಯುಸಿಯಲ್ಲಿರುತ್ತಾಳೆ. ಒಂದು ದಿನದ ಪಾಠ ತಪ್ಪಿದರೂ ತಂದೆತಾಯಿಗಳ ಎದೆ ಹೊಡೆದುಕೊಳ್ಳುವ ವರ್ಷವದು. 2027ರಲ್ಲಿ ಬರೆಯುವವನು ಆಗ ಪ್ರಥಮ ಪಿಯುಸಿಗೆ ಕಾಲಿಟ್ಟು ಎರಡು ತಿಂಗಳಾಗಿರುತ್ತದೆ. ಹಾಜರಾತಿ ಶೇಕಡ 75 ಇರಲೇಬೇಕೆಂಬ ನಿಯಮವಿದ್ದರೂ, ಹತ್ತು ದಿನಗಳ ಗೈರುಹಾಜರಿಯಿಂದ ಅದು ಮುರಿದುಬೀಳುವುದಿಲ್ಲ. ಕಾಲೇಜಿಗೆ ಮೊದಲೇ ಪತ್ರ ಬರೆದು ಹೋಗಬಹುದಾದವನು ಇವನೇ ಎಂದು ನಮಗೆ ತೋರುತ್ತದೆ.

ಆದರೆ ವಾಡಿಕೆ ಬೇರೆಯೇ ಇದೆ. ಕುಟುಂಬ ಹೊರಟಾಗ ಚಿಕ್ಕವರು ತಂದೆತಾಯಿಗಳೊಂದಿಗೆ ಹೋಗುತ್ತಾರೆ. ದೊಡ್ಡವನು ಅಜ್ಜಿಯ ಬಳಿ, ಇಲ್ಲವೇ ಹಾಸ್ಟೆಲಿನಲ್ಲಿ ಉಳಿಯುತ್ತಾನೆ. ‘ಅವನಿಗೆ ಓದು ಇದೆ’ ಎಂಬ ಒಂದು ಮಾತಿನಲ್ಲಿ ವಿಷಯ ತೀರುತ್ತದೆ. ಐದು ವರ್ಷದ ಮಗುವಿಗೆ ರೋಮ್ ನಗರವೆಂದರೆ ಪಾರಿವಾಳಗಳು ಮತ್ತು ಐಸ್‌ಕ್ರೀಮು. ಹದಿನಾರು ವರ್ಷದವನಿಗೆ ಅದು ಜೀವನಪೂರ್ತಿ ಉಳಿಯುವ ನೋಟ. ಅವನು ಮನೆಯವರೊಂದಿಗೆ ಕೂಡಿ ಪ್ರಯಾಣ ಮಾಡುವ ಬೇಸಿಗೆಗಳು ಇನ್ನು ಎರಡೋ ಮೂರೋ ಉಳಿದಿರುತ್ತವೆ. ಬಳಿಕ ಬೆಂಗಳೂರು, ಕೆಲಸ, ಬೇರೆ ಮನೆ. ಯಾತ್ರೆಯನ್ನು ಹಿರಿಯ ಮಗುವಿನ ಸುತ್ತ ಹೆಣೆಯಬೇಕಾದಲ್ಲಿ ನಾವು ಅದನ್ನೇ ಮೊದಲು ಪಟ್ಟಿಯಿಂದ ತೆಗೆಯುತ್ತಿದ್ದೇವೆ.

ಬೇಸಿಗೆ ರಜೆಯೂ ದೊಡ್ಡವರಿಗೆ ಪೂರ್ತಿ ರಜೆಯಲ್ಲ. 2026ರ ಎಸ್.ಎಸ್.ಎಲ್.ಸಿ. ಪರೀಕ್ಷೆ-1 ಮಾರ್ಚ್ 18ರಿಂದ ಏಪ್ರಿಲ್ 2ರವರೆಗೆಂದು ನಿಗದಿಯಾಗಿತ್ತು. ಆ ಕೊನೆಯ ದಿನ ಪವಿತ್ರ ಗುರುವಾರವೇ ಆಗಿತ್ತೆಂಬುದನ್ನು ಓದುಗರು ಗಮನಿಸಿರಬಹುದು. ಒಂಬತ್ತನೆಯ ತರಗತಿ ಮುಗಿಸಿದವರಿಗೆ ಹಲವು ಶಾಲೆಗಳು ಏಪ್ರಿಲಿನಲ್ಲಿಯೇ ಹತ್ತನೆಯ ತರಗತಿಯ ಪಾಠ ಆರಂಭಿಸಿಬಿಡುತ್ತವೆ. ಪಿಯುಸಿ ಮುಗಿಸಿದವರ ಮುಂದೆ ಸಿಇಟಿ, ನೀಟ್ ಸಾಲುಗಟ್ಟಿ ನಿಂತಿರುತ್ತವೆ. ಹೀಗಿರುವಲ್ಲಿ ನಿಜಕ್ಕೂ ತೆರವಾಗಿರುವುದು ಎಂಟನೆಯ ತರಗತಿಯ ನಂತರದ ಬೇಸಿಗೆ, ಮತ್ತು ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದು ಪಿಯುಸಿ ಆರಂಭವಾಗುವವರೆಗಿನ ಎರಡು ತಿಂಗಳು. ಎರಡನೆಯದೇ ಉತ್ತಮ. ಒಂಬತ್ತನೆಯ ತರಗತಿಯವರಿಗೆ ದಸರಾ ರಜೆಯೂ ಸಾಲುತ್ತದೆ. ಅಕ್ಟೋಬರಿನಲ್ಲಿ ರೋಮಿನ ಹವೆಯೂ ಹಿತವಾಗಿರುತ್ತದೆ. 2025ರಲ್ಲಿ ಸಮೀಕ್ಷೆಯ ಕಾರಣದಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆದುದು ನಿಜ, ಆದರೆ ಅದು ಕೊನೆಯ ಗಳಿಗೆಯಲ್ಲಿ. ವೀಸಾ ಕೊನೆಯ ಗಳಿಗೆಯಲ್ಲಿ ಸಿಗುವ ವಸ್ತುವಲ್ಲ.

ಕ್ರೈಸ್ತ ಆಡಳಿತದ ಶಾಲೆಗಳು ಕೋರಿಕೊಂಡರೆ ದಸರಾ ರಜೆಯಲ್ಲಿ ಕೆಲವು ದಿನಗಳನ್ನು ಕಡಿತ ಮಾಡಿ ಕ್ರಿಸ್ಮಸ್ ವೇಳೆಗೆ ಕೊಡಲು ಇಲಾಖೆಯ ಸುತ್ತೋಲೆಯಲ್ಲಿ ಅವಕಾಶವಿದೆ. ಮನೆಯ ಹಬ್ಬಕ್ಕೆ ಅದು ಒಳ್ಳೆಯದು. ವಿದೇಶ ಯಾತ್ರೆಗೆ ಇದರಿಂದ ಎರಡೂ ರಜೆಗಳು ತುಂಡಾಗುತ್ತವೆ.

ಇನ್ನು ಕಾಗದಪತ್ರಗಳು. ಇಟಲಿಯನ್ನೊಳಗೊಂಡ ಷೆಂಗೆನ್ ದೇಶಗಳ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳ ಒಳಗೆ, ಕನಿಷ್ಠ ಹದಿನೈದು ದಿನ ಮುಂಚಿತವಾಗಿ ಅರ್ಜಿ ಸಲ್ಲಬೇಕು. 2024ರ ಜೂನ್ 11ರಿಂದ ಶುಲ್ಕ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೊಂದು ವರ್ಷದವರಿಗೆ 45 ಯೂರೋ. ಅಂದರೆ ಹನ್ನೆರಡು ತುಂಬಿದ ಮಗು ದೊಡ್ಡವರ ಲೆಕ್ಕಕ್ಕೆ ಸೇರಿತು. ಬೆರಳಚ್ಚು ಕೊಡಬೇಕಾದುದೂ ಹನ್ನೆರಡು ತುಂಬಿದವರೇ. ಅದಕ್ಕಾಗಿ ಮಗುವೇ ಬೆಂಗಳೂರಿಗೆ ಹೋಗಬೇಕು, ಅದೂ ಕೆಲಸದ ದಿನ. ಸಿಂಧನೂರಿನಿಂದ ರಾತ್ರಿ ಬಸ್ಸು ಹಿಡಿದು ಹೋಗಿಬರುವಲ್ಲಿ ಎರಡು ದಿನದ ಶಾಲೆ ತಪ್ಪುತ್ತದೆ. ನಮ್ಮ ರೈತ ಕುಟುಂಬಗಳಿಗೆ ಇನ್ನೊಂದು ತೊಡಕು: ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ಆದಾಯ ತೆರಿಗೆಯ ಪತ್ರಗಳೂ ಇರುವುದಿಲ್ಲ. ಅಂಥವರು ಪಹಣಿ, ಭತ್ತ ಮಾರಿದ ರಸೀದಿ, ಬ್ಯಾಂಕಿನ ವಹಿವಾಟುಗಳನ್ನು ಜೋಡಿಸಿಕೊಳ್ಳಬೇಕು. ಭತ್ತದ ಹಣವನ್ನು ಬ್ಯಾಂಕಿಗೆ ಕಟ್ಟದೆ ಕೈಯಲ್ಲಿಯೇ ತಿರುಗಿಸುವವರು ಇದನ್ನು ಗಮನಿಸಲಿ.

ಪಾಸ್‌ಪೋರ್ಟಿನಲ್ಲಿ ದೊಡ್ಡ ಮಕ್ಕಳ ವಿಷಯವೇ ಬೇರೆ. ಸಾವಿರ ರೂಪಾಯಿಯ ಮಕ್ಕಳ ಪಾಸ್‌ಪೋರ್ಟು ಐದು ವರ್ಷ ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. ಹದಿನೈದು ದಾಟಿದವರು 1500 ರೂಪಾಯಿ ಕಟ್ಟಿ ಹತ್ತು ವರ್ಷದ್ದನ್ನೇ ಪಡೆಯಬಹುದು. ಐನೂರು ರೂಪಾಯಿ ಉಳಿಸಹೋಗಿ, ಸಿಯೋಲಿನ ವೇಳೆಗೆ ಅವಧಿ ಮುಗಿದ ಪುಸ್ತಕವನ್ನು ಹಿಡಿದು ಕೂರುವುದು ಜಾಣತನವಲ್ಲ.

ಎಲ್ಲಕ್ಕಿಂತ ದೊಡ್ಡ ತೊಂದರೆ ಹೆಸರಿನದು. ಜ್ಞಾನಸ್ನಾನದ ದಾಖಲೆಯಲ್ಲಿ ಒಂದು, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮತ್ತೊಂದು, ಆಧಾರಿನಲ್ಲಿ ಮೂರನೆಯದು ಎಂಬಂಥ ಮಕ್ಕಳು ನಮ್ಮ ಹಳ್ಳಿಗಳಲ್ಲಿ ವಿರಳವಲ್ಲ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುಪಡಿ ದೀರ್ಘ ವ್ಯವಹಾರವಾಗುತ್ತದೆ. ಎಂಟನೆಯ ತರಗತಿಯಲ್ಲಿರುವಾಗಲೇ ಹೆಸರು, ಜನ್ಮದಿನಾಂಕ, ತಂದೆಯ ಹೆಸರು ಎಲ್ಲ ಕಡೆ ಒಂದೇ ಆಗುವಂತೆ ನೋಡಿಕೊಳ್ಳಬೇಕು. ಯಾತ್ರೆಗೆ ಹೋಗದ ಮಗುವಿಗೂ ನಾಳೆ ಬೇಕಾಗುವ ಕೆಲಸವಿದು. ಧರ್ಮಕೇಂದ್ರದ ಗುರುಗಳೂ ಶಾಲೆಯ ಮುಖ್ಯಸ್ಥರೂ ಕೂಡಿ ಒಂದು ಭಾನುವಾರ ಇದಕ್ಕೆಂದೇ ಕುಳಿತರೆ ಎಷ್ಟೋ ಉಪಕಾರ.

ನಮ್ಮಲ್ಲಿ ಬಹುಸಂಖ್ಯಾತರಿಗೆ ಈ ಚರ್ಚೆಯೇ ದೂರದ್ದೆಂಬುದನ್ನು ನಾವು ಮರೆತಿಲ್ಲ. ಮಸ್ಕಿ, ಲಿಂಗಸುಗೂರು ಕಡೆಯ ಮಳೆಯಾಶ್ರಿತ ಹಳ್ಳಿಗಳ ಮಕ್ಕಳು ಕಾಣುವ ಕೌಟುಂಬಿಕ ಪ್ರಯಾಣವೆಂದರೆ ಗುಳೆ. ಅದು ಶಾಲೆಯ ರಜೆಯನ್ನು ಕೇಳಿ ಬರುವುದಿಲ್ಲ. ಈ ಕಾರಣದಿಂದಲೇ ಸಿಯೋಲನ್ನು ಉಳ್ಳವರ ಪ್ರವಾಸವಾಗಲು ಬಿಡದೆ, ಧರ್ಮಕೇಂದ್ರಕ್ಕೊಬ್ಬರಂತೆಯಾದರೂ ಬಡ ಕುಟುಂಬದ ಹುಡುಗನನ್ನೋ ಹುಡುಗಿಯನ್ನೋ ಕಳುಹಿಸುವ ಯೋಜನೆಗೆ ಈಗಲೇ ಹಣ ಕೂಡಿಸತೊಡಗಬೇಕೆಂದು ನಾವು ಕೇಳಿಕೊಳ್ಳುತ್ತೇವೆ.

ಆ ಹಣ ಬರಬೇಕಾದುದು ಭತ್ತದಿಂದ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋಯಿತು. 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ 2025-26ರ ಎರಡನೆಯ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ಹೀಗಾಗಿ ಎಡದಂಡೆ ಕಾಲುವೆಯನ್ನು ನಂಬಿದ ಸಿಂಧನೂರಿನ ಮನೆಗಳಿಗೆ 2026ರ ಬೇಸಿಗೆಯಲ್ಲಿ ಬಿಡುವೇನೋ ದೊರೆಯಿತು, ಕೈಯಲ್ಲಿ ಕಾಸಿರಲಿಲ್ಲ. 2027ರ ಆಗಸ್ಟಿಗೆ ಮುಂಚೆ ಉಳಿದಿರುವುದು 2026ರ ಮುಂಗಾರಿನ ಬೆಳೆ ಮತ್ತು ಅದರ ಹಿಂದೆ ಬರುವ ಬೇಸಿಗೆ ಬೆಳೆ, ಈ ಎರಡೇ; ಎರಡಕ್ಕೂ ಕಾಲುವೆಗೆ ನೀರು ಬರಬೇಕು.